ಸಿಮ್ಯುಲೇಟರ್‌ನಲ್ಲಿ ಕಲಿತರೆ ಸಾಕೇ?

ಪ್ರಶ್ನೆ: ತೋರಣಗಲ್ಲಿನಲ್ಲಿ ವಿಮಾನ ಇಳಿಯುವುದನ್ನು ನೋಡಿದ್ದೇನೆ. ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲೇ ಕಲಿಯುತ್ತಾರಂತೆ. ಅದು ನಿಜವಾದ ಹಾರಾಟಕ್ಕೆ ಸಮವೇ? – ಓದುಗರೊಬ್ಬರು, ಬಂಡ್ರಿ

ಉತ್ತರ: ಬಹುಮಟ್ಟಿಗೆ ಸಮ. ಲೈಸೆನ್ಸ್ ಬೇಕೆಂದರೆ ಸಣ್ಣ ವಿಮಾನವನ್ನು ಹಾರಿಸಿಯೇ ಕಲಿಯಬೇಕು. ಆದರೆ ಅನುಭವಿ ಪೈಲಟ್ ಏರ್‌ಬಸ್‌ನ ಹೊಸ ಮಾದರಿಗೆ ಬದಲಾಗುವಾಗ ತರಬೇತಿಯೆಲ್ಲ ಸಿಮ್ಯುಲೇಟರ್‌ನಲ್ಲೇ ಮುಗಿಯಬಹುದು. ಆ ಮಾದರಿಯ ಮೊದಲ ಹಾರಾಟದಲ್ಲೇ ಹಿಂದೆ ಪ್ರಯಾಣಿಕರು, ಪಕ್ಕದಲ್ಲಿ ತರಬೇತಿ ಕೊಡುವ ಕ್ಯಾಪ್ಟನ್ ಇರಬಹುದು. ಬೆಂಗಳೂರಿನಲ್ಲೂ ಇಂಥ ತರಬೇತಿ ಕೇಂದ್ರಗಳಿವೆ.

ಸಿಮ್ಯುಲೇಟರ್‌ನಲ್ಲಿ ಆರು ಕಾಲುಗಳ ಮೇಲೆ ನಿಂತ ಕಾಕ್‌ಪಿಟ್ ಟೇಕಾಫ್ ವೇಳೆ ಮೆಲ್ಲಗೆ ಹಿಂದಕ್ಕೆ ವಾಲುತ್ತದೆ. ಬೆನ್ನು ಸೀಟಿಗೆ ಒತ್ತುತ್ತದೆ, ವೇಗ ಹೆಚ್ಚಿತೆಂದು ಮೈ ನಂಬುತ್ತದೆ. ಆದರೆ ವಿಮಾನ 60 ಡಿಗ್ರಿ ವಾಲಿ ತಿರುಗುವಾಗ ಮೈಭಾರ ಇಮ್ಮಡಿಯಾಗುವ ಅನುಭವವನ್ನು ಅದು ಕೊಡಲಾರದು. ಎಂಜಿನ್‌ಗೆ ಬೆಂಕಿ ಹತ್ತಿದಾಗ ಏನು ಮಾಡಬೇಕೆಂದು ಕಲಿಯಲು ಮಾತ್ರ ಸಿಮ್ಯುಲೇಟರೇ ಮೇಲು.