ಮರ್ದನಯಂತ್ರವನ್ನು ಕೊಳ್ಳುವ ಮುನ್ನ

ಮೈಕೈ ನೋವೆಂದರೆ ಹರಳೆಣ್ಣೆ ಹಚ್ಚಿ ನೀವಿ, ಬಿಸಿನೀರು ಹುಯ್ಯುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಆದರೆ ಮಕ್ಕಳು ಬೆಂಗಳೂರು ಸೇರಿ ಹಿರಿಯರಷ್ಟೇ ಊರಿನಲ್ಲಿ ಉಳಿದ ಮನೆಗಳಲ್ಲಿ ನೀವುವ ಕೈಗಳೆಲ್ಲಿವೆ? ಆದುದರಿಂದಲೇ ಕೈಯಲ್ಲಿ ಹಿಡಿದು ಬಳಸುವ ವಿದ್ಯುತ್ ಮಸಾಜು ಯಂತ್ರವು ನಮ್ಮ ಗಡಿನಾಡಿಗೂ ಬಂದಿದೆ. ಅದನ್ನು ಆರಿಸುವ ಬಗೆಯನ್ನು ನಾವು ತಪ್ಪು ಮಾಡಿಯೇ ಕಲಿತೆವು.

2022ರಲ್ಲಿ ನಮ್ಮ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ನಮ್ಮ ಮಗಳನ್ನು ಕೊಟ್ಟಿರುವ ರಾಯದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಜಿಲ್ಲೆ ಬೇರೆಯಾದರೂ ನೋವು ಬೇರೆಯಾಗಲಿಲ್ಲ. ಇಲ್ಲಿ ಕುಳಿತು ಕಡಲೆಕಾಯಿ ಬಿಡಿಸುವ ಹೆಂಗಸರಿಗೆ ಸೊಂಟ ನೋವು. ಅಲ್ಲಿ ದಿನವಿಡೀ ಬಗ್ಗಿ ಜೀನ್ಸ್ ಹೊಲಿಯುವ ನಮ್ಮ ಮಗಳಂಥವರಿಗೆ ಕುತ್ತಿಗೆ, ಹೆಗಲುಗಳ ನೋವು.

ಅವಳಿಗಾಗಿ ನಾವು ಮೊದಲು ಕೊಂಡ ಯಂತ್ರವು ಒಂದೂವರೆ ಕಿಲೋ ತೂಗುತ್ತಿತ್ತು. ಹೆಚ್ಚು ಶಕ್ತಿಯದೇ ಒಳ್ಳೆಯದೆಂಬುದು ನಮ್ಮ ಎಣಿಕೆ. "ಅಪ್ಪಾ, ಇದನ್ನು ಹಿಡಿಯುವುದಕ್ಕೇ ಇನ್ನೊಬ್ಬರು ಬೇಕು" ಎಂದು ಮಗಳು ಅದನ್ನು ಹಿಂದಿರುಗಿಸಿದಳು. ಆದುದರಿಂದ ವಾಚಕರು ಮೊದಲು ತೂಕವನ್ನು ನೋಡಬೇಕು. ಅರ್ಧ ಕಿಲೋದ ಆಸುಪಾಸಿನವೂ ದೊರೆಯುತ್ತವೆ. ಅಂಗಡಿಯಲ್ಲಿಯೇ ಎರಡು ನಿಮಿಷ ಹೆಗಲ ಹಿಂದಕ್ಕೆ ಹಿಡಿದು ನೋಡಿರಿ. ಬಳಸುವವರೇ ಅಂಗಡಿಗೆ ಹೋಗುವುದು ಉತ್ತಮ. ಹಿಡಿಯು ಉದ್ದವಾಗಿದ್ದರೆ ಬೆನ್ನು ಎಟಕುತ್ತದೆ.

ಎರಡನೆಯದು ವೇಗ. ಕೆಲವು ಯಂತ್ರಗಳು ಅದುರುತ್ತವೆ, ಕೆಲವು ಬಡಿಯುತ್ತವೆ. ಬಡಿಯುವುದು ಆಳಕ್ಕೆ ಮುಟ್ಟುತ್ತದೆ. ವೃದ್ಧರ ತೆಳುವಾದ ಮೈಗೆ ಮೆಲ್ಲಗೆ ಅದುರುವುದೇ ಹಿತ. ಅತಿ ಕಡಿಮೆ ವೇಗವು ನಿಜಕ್ಕೂ ಮೃದುವಾಗಿದೆಯೇ ಎಂದು ಪರೀಕ್ಷಿಸಿರಿ. ಬ್ಯಾಟರಿಯದು ವಿದ್ಯುತ್ ಹೋದಾಗಲೂ ನಡೆಯುತ್ತದೆ. ತಂತಿಯದಕ್ಕೆ ಮತ್ತೆ ಮತ್ತೆ ಚಾರ್ಜು ಬೇಡ. ನಿಗದಿತ ಸಮಯಕ್ಕೆ ತಾನೇ ನಿಲ್ಲುವ ಏರ್ಪಾಡಿರಲಿ. ರಸೀದಿ, ಗ್ಯಾರಂಟಿ ಪತ್ರಗಳನ್ನು ಕೇಳಿ ಪಡೆಯಿರಿ. ರಿಪೇರಿ ಬಳ್ಳಾರಿಯಲ್ಲೋ ಹಿಂದೂಪುರದಲ್ಲೋ ಆಗುವುದೇ ಎಂದು ವಿಚಾರಿಸಿರಿ.

ಆದರೆ ಇದೆಲ್ಲಕ್ಕಿಂತ ದೊಡ್ಡ ಪಾಠ ಬೇರೆ. ಮಗಳು ಹಿಂದಿರುಗಿಸಿದ ಯಂತ್ರವು ನಮ್ಮ ಮನೆಯಲ್ಲಿಯೇ ಇತ್ತು. ಮೂಳೆ ಮುರಿದು ಬಹುಕಾಲ ಹಾಸಿಗೆ ಹಿಡಿದಿದ್ದ ನೆರೆಮನೆಯ ಹಿರಿಯರೊಬ್ಬರು, "ಮೇಷ್ಟ್ರೇ, ಮೀನಖಂಡ ಬಹಳ ಸೆಳೆಯುತ್ತಿದೆ, ಆ ಮಿಷನ್ನು ಸ್ವಲ್ಪ ಕೊಡಿ" ಎಂದು ಹೇಳಿಕಳುಹಿಸಿದರು. ನಾವೇ ಹೋಗಿ ಪ್ಲಗ್ಗಿಗೆ ತಂತಿ ಸಿಕ್ಕಿಸಿದೆವು. ಜೊತೆಗೆ ಬಂದಿದ್ದ ನಮ್ಮ ಮನೆಯವರು, "ಸ್ವಲ್ಪ ತಾಳಿ. ಊದಿರುವುದು ಒಂದೇ ಕಾಲು, ಮುಟ್ಟಿದರೆ ಬಿಸಿಯಾಗಿದೆ" ಎಂದರು. ಆಸ್ಪತ್ರೆಗೆ ಕರೆದೊಯ್ದಾಗ, ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ತಿಳಿಯಿತು. ತಿಕ್ಕಿದ್ದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣವನ್ನೇ ತೆಗೆಯಬಹುದಿತ್ತೆಂದು ವೈದ್ಯರು ಹೇಳಿದರು. ಮೂವತ್ತು ವರ್ಷ ಪಾಠ ಹೇಳಿದ ನಾವು ಅಂದು ತಲೆ ತಗ್ಗಿಸಿ ಕುಳಿತೆವು.

ಆದುದರಿಂದ ಒಂದೇ ಕಾಲು ಊದಿ ನೋಯುತ್ತಿದ್ದರೆ ಯಂತ್ರವನ್ನು ಮುಟ್ಟದೆ ಅಂದೇ ವೈದ್ಯರಲ್ಲಿಗೆ ಹೋಗಿರಿ. ಗರ್ಭಿಣಿಯರು, ಎದೆಯಲ್ಲಿ ಪೇಸ್‌ಮೇಕರ್ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಮೂಳೆ ಸವೆದವರು ವೈದ್ಯರನ್ನು ಕೇಳದೆ ಬಳಸಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಶಾಖ ಕೊಡುವ ಯಂತ್ರ ಬೇಡ. ಸುಟ್ಟರೂ ಅವರಿಗೆ ತಿಳಿಯದು. ಉಳಿದವರೂ ಕುತ್ತಿಗೆಯ ಮುಂಭಾಗ, ಬೆನ್ನೆಲುಬು, ಗಾಯ, ಉಬ್ಬಿದ ನರಗಳ ಮೇಲೆ ಇಡದೆ, ಮಾಂಸಲ ಭಾಗದ ಮೇಲೆ ಹತ್ತು ನಿಮಿಷ ಮೆಲ್ಲಗೆ ಆಡಿಸಿದರೆ ಸಾಕು.

ಯಂತ್ರವು ಬಿಗಿದ ಸ್ನಾಯುವನ್ನು ತುಸು ಹೊತ್ತು ಸಡಿಲಿಸುತ್ತದೆ, ರೋಗವನ್ನು ಗುಣಪಡಿಸದು. ನೀವುವ ಕೈ ನೋವಿನ ಜಾಗವನ್ನು ತಡವಿ ತಿಳಿಯುತ್ತಿತ್ತು. ಯಂತ್ರಕ್ಕೆ ಆ ತಿಳಿವಿಲ್ಲ. ಅದನ್ನು ಹಿಡಿದವರಿಗಾದರೂ ಇರಬೇಕು.