ಜ್ವರಕ್ಕೂ ಹಾಜರಿ ಬೇಕೇ?

ಪದವಿ ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಿ ಬೇಕು. ಅದಕ್ಕೇ ಮೈ ಸುಡುತ್ತಿದ್ದರೂ ಮಾತ್ರೆ ನುಂಗಿ ಕ್ಲಾಸಿಗೆ ಬರುವವರು ನಮ್ಮ ನಡುವೆ ಇದ್ದಾರೆ. ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವ ಅತಿಥಿ ಉಪನ್ಯಾಸಕರ ಪಾಡೂ ಅದೇ.

‘ಅಮ್ಮ’ ಎಂದು ನಾವು ಕರೆಯುವ ಚಿಕನ್‌ಪಾಕ್ಸ್, ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಹರಡತೊಡಗಿ, ಗುಳ್ಳೆಗಳೆಲ್ಲ ಪೂರ್ತಿ ಒಣಗುವವರೆಗೂ ಅಂಟುತ್ತದೆ. ಹಾಸ್ಟೆಲ್‌ನ ಒಂದೇ ಕೋಣೆಯಲ್ಲಿ ನಾಲ್ವರಿದ್ದರೆ ಮುಂದಿನದನ್ನು ಹೇಳಬೇಕಿಲ್ಲ. ಮದ್ರಾಸ್ ಐ ಹರಡಲಂತೂ ಹಂಚಿಕೊಂಡ ಒಂದು ಟವೆಲ್ ಸಾಕು.

ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅವರ ಹೆಸರಿನಲ್ಲಿ ಕೆಆರ್‌ಎಸ್ ರಸ್ತೆಯಲ್ಲಿ ಶತಮಾನದ ಹಿಂದೆಯೇ ಸ್ಯಾನಿಟೋರಿಯಂ ಕಟ್ಟಿದ ಊರು ನಮ್ಮದು. ಅಂಟುರೋಗ ಬಂದವರಿಗೆ ಪ್ರತ್ಯೇಕ ಜಾಗವೂ ಬೇಕು, ಆರೈಕೆಯೂ ಬೇಕು ಎಂಬುದು ಮೈಸೂರಿಗೆ ಹೊಸ ಪಾಠವೇನಲ್ಲ. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಓದಿಯೂ ಆಗಿದೆ.

ಹಾಗಾಗಿ ಕಾಲೇಜುಗಳು ಮೂರು ಕೆಲಸ ಮಾಡಲಿ. ಅಂಟುರೋಗವೆಂದು ವೈದ್ಯರ ಚೀಟಿ ತಂದವರಿಗೆ ಹಾಜರಿ ಕೊಡಲಿ. ಹಾಸ್ಟೆಲ್‌ನಲ್ಲಿ ಒಂದು ಕೋಣೆಯನ್ನು ಖಾಲಿ ಇಡಲಿ. ಕಾಯಿಲೆ ಬಿದ್ದ ಅತಿಥಿ ಉಪನ್ಯಾಸಕರ ಸಂಬಳ ಕಡಿಯದಿರಲಿ. ಜ್ವರ ಬಂದ ಒಬ್ಬರು ನಿಶ್ಚಿಂತೆಯಿಂದ ಮಲಗಿದರೆ ಉಳಿದ ಐವತ್ತು ಮಂದಿ ನಿಶ್ಚಿಂತೆಯಿಂದ ಓದಬಹುದು.