ಸದ್ದೇ ಸುಳಿವು: ಸೈಲೆನ್ಸರ್ ಸೋರಿದಾಗ

ಐಹೊಳೆಯ ದುರ್ಗ ಗುಡಿಯ ಗೋಡೆಯ ಬಳಿ ನಿಂತು, ಕಲ್ಲಿಗೆ ಕಲ್ಲು ಕೂಡುವ ಸಂದುಗಳನ್ನು ಗಮನಿಸಿ. ಅಲ್ಲಿ ಗಾರೆ ಇಲ್ಲ. ಚಾಲುಕ್ಯರ ಕಾಲದ ಶಿಲ್ಪಿಗಳು ಕೆಂಪು ಮರಳುಗಲ್ಲನ್ನು ಸಮನಾಗಿ ಕೆತ್ತಿ ಒಂದರ ಮೇಲೊಂದು ಕೂರಿಸಿದ್ದಾರೆ. ಮೇಲಿನ ಕಲ್ಲಿನ ಭಾರವೇ ಸಂದನ್ನು ಬಿಗಿಯಾಗಿ ಹಿಡಿದಿದೆ. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಆ ಸಂದು ಹಾಗೇ ಇದೆ.

ಅದೇ ಊರಿನ ಓಣಿಯಲ್ಲಿ ನಿಂತ ಮೋಟಾರ್ ಸೈಕಲ್ಲಿನಲ್ಲೂ ಅಂಥದೊಂದು ಸಂದು ಇದೆ. ಎಂಜಿನ್ನಿನ ಸಿಲಿಂಡರ್ ಹೆಡ್‌ಗೆ ಸೈಲೆನ್ಸರಿನ ಬೆಂಡ್ ಪೈಪ್ ಕೂಡುವ ಜಾಗವದು. ಗುಡಿಯ ಸಂದನ್ನು ಭಾರ ಮುಚ್ಚುತ್ತದೆ. ಈ ಸಂದನ್ನು ಒಳಗಿನ ಒತ್ತಡ ಬಿಚ್ಚಲು ನೋಡುತ್ತದೆ. ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಸುಟ್ಟ ಅನಿಲ ಸೆಕೆಂಡಿಗೆ 25 ಸಲ ಈ ದಾರಿಯಲ್ಲಿ ನುಗ್ಗುತ್ತದೆ. ಅದರ ಉಷ್ಣತೆ ನೂರಾರು ಡಿಗ್ರಿ ಸೆಲ್ಸಿಯಸ್. ಗಾಡಿ ಓಡಿದಾಗ ಲೋಹ ಹಿಗ್ಗುತ್ತದೆ, ನಿಂತಾಗ ಕುಗ್ಗುತ್ತದೆ. ಅದಕ್ಕೇ ಇಲ್ಲಿ ಲೋಹಕ್ಕೆ ಲೋಹ ತಾಗಿಸಿದರೆ ಸಾಲದು, ನಡುವೆ ಒತ್ತಿದರೆ ನಲುಗುವ ಬಳೆಯಾಕಾರದ ಪ್ಯಾಕಿಂಗ್ ಬೇಕು. ಪ್ಯಾಕಿಂಗ್ ಸವೆದರೆ ಅಥವಾ ನಟ್ ಸಡಿಲಾದರೆ ಸೋರಿಕೆ ಶುರುವಾಯಿತೆಂದೇ ಅರ್ಥ.

ಸದ್ದು ಜೋರಾದರೆ ಗಾಡಿಗೆ ಶಕ್ತಿ ಬಂತೆಂದು ಹುಡುಗರು ಹಿಗ್ಗುವುದುಂಟು. ಅದು ತಪ್ಪು ತಿಳಿವಳಿಕೆ. ಹೆಚ್ಚಾದದ್ದು ಸದ್ದು ಮಾತ್ರ.

ಕಿವಿ, ಕಣ್ಣು, ಸಾಬೂನು ನೀರು

ಸೋರಿಕೆಯನ್ನು ಪತ್ತೆ ಮಾಡಲು ದುಬಾರಿ ಯಂತ್ರ ಬೇಕಿಲ್ಲ. ಆದರೆ ಎಲ್ಲ ಪರೀಕ್ಷೆಯೂ ಬಯಲಿನಲ್ಲೇ ನಡೆಯಬೇಕು, ಹಿರಿಯರೊಬ್ಬರು ಜೊತೆಗಿರಬೇಕು.

ಮೊದಲನೆಯದು ಕಿವಿಯ ಪರೀಕ್ಷೆ. ರಾತ್ರಿಯೆಲ್ಲ ನಿಂತು ತಣ್ಣಗಾದ ಗಾಡಿಯನ್ನು ಬೆಳಿಗ್ಗೆ ಶುರು ಮಾಡಿ. ಸಂದಿನ ಬಳಿ 'ಟಪ್ ಟಪ್' ಎಂಬ ಸದ್ದು ಕೇಳಿ, ಎಂಜಿನ್ ಬಿಸಿಯಾದಂತೆ ಅದು ಕಡಿಮೆಯಾದರೆ, ಸೋರಿಕೆಯ ಅನುಮಾನ ಬಲವಾಗುತ್ತದೆ. ಲೋಹ ಕಾದು ಹಿಗ್ಗಿ ಬಿರುಕನ್ನು ಅಷ್ಟಿಷ್ಟು ಮುಚ್ಚಿರುತ್ತದೆ. ಬಿಸಿ ಗಾಡಿಯನ್ನು ಮೆಕ್ಯಾನಿಕ್ ಬಳಿ ಒಯ್ದಾಗ ಸದ್ದೇ ಇಲ್ಲದಿರಲು ಇದೂ ಒಂದು ಕಾರಣ. ಇಳಿಜಾರಿನಲ್ಲಿ ಆಕ್ಸಲರೇಟರ್ ಬಿಟ್ಟಾಗ 'ಫಟ್ ಫಟ್' ಎನ್ನುವುದು ಮತ್ತೊಂದು ಸುಳಿವು. ಅನಿಲ ನುಗ್ಗಿ ಹೋದ ಬೆನ್ನಿಗೇ ಪೈಪಿನಲ್ಲಿ ಒತ್ತಡ ಕ್ಷಣಕಾಲ ಕುಸಿಯುತ್ತದೆ. ಆಗ ಬಿರುಕಿನಿಂದ ಹೊರಗಿನ ಗಾಳಿ ಒಳಸೇರಿ, ಉರಿಯದೆ ಉಳಿದ ಪೆಟ್ರೋಲ್ ಆವಿ ಅಲ್ಲೇ ಹೊತ್ತಿಕೊಳ್ಳುತ್ತದೆ.

ಎರಡನೆಯದು ಕಣ್ಣಿನ ಪರೀಕ್ಷೆ. ಎಂಜಿನ್ ನಿಲ್ಲಿಸಿ, ಪೈಪ್ ಪೂರ್ತಿ ಆರಿದ ಮೇಲೆ ಸಂದಿನ ಸುತ್ತ ಟಾರ್ಚ್ ಹಾಯಿಸಿ. ಸೋರುವ ಕಡೆ ಕಪ್ಪು ಮಸಿಯ ಗೆರೆ ಮೂಡಿರುತ್ತದೆ.

ಮೂರನೆಯದು ಸಾಬೂನು ನೀರು. ಗಾಡಿ ತಣ್ಣಗಿರುವಾಗ ಸಂದಿಗೂ ಪೈಪಿನ ಜೋಡಣೆಗಳಿಗೂ ನೊರೆನೀರು ಹಚ್ಚಿ ಶುರು ಮಾಡಿ. ಜೊತೆಗಿರುವ ಹಿರಿಯರು ದಪ್ಪ ಕೈಚೀಲ ಹಾಕಿಕೊಂಡು, ದಪ್ಪ ಬಟ್ಟೆಯ ಮಡಿಕೆಯಿಂದ ಸೈಲೆನ್ಸರಿನ ಬಾಯನ್ನು ಎರಡು ಮೂರು ಸೆಕೆಂಡು ಮಾತ್ರ ಅದುಮಲಿ. ಒಳಗೆ ಒತ್ತಡ ಏರಿ, ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ, 'ಸುಯ್' ಎಂಬ ಸದ್ದೂ ಕೇಳುತ್ತದೆ. ಪೈಪ್ ಬೇಗ ಕಾಯುವುದರಿಂದ ಅರ್ಧ ನಿಮಿಷದೊಳಗೆ ಕೆಲಸ ಮುಗಿಯಬೇಕು. ಊದುಬತ್ತಿಯ ಹೊಗೆಯಿಂದ ಪತ್ತೆ ಮಾಡುವ ಆಸೆ ಬೇಡ. ಪೆಟ್ರೋಲ್ ಟ್ಯಾಂಕ್ ಮೇಲೆಯೇ ಇರುತ್ತದೆ, ಮರೆಯಬಾರದು.

ಪಾನಾ ಹಿಡಿಯುವ ಮುನ್ನ

ಸೋರಿಕೆ ಹೆಡ್ಡಿನ ಸಂದಿನಲ್ಲಿದ್ದರೆ, ಮೊದಲು ನಟ್‌ಗಳನ್ನು ಬಿಗಿ ಮಾಡಿ ನೋಡಬೇಕು. ಎಂಜಿನ್ ತಣ್ಣಗಿರಲಿ. ಒಂದೇ ನಟ್ಟನ್ನು ಪೂರ್ತಿ ಬಿಗಿದರೆ ಪೈಪ್ ಒಂದು ಕಡೆ ವಾಲಿ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಆದ್ದರಿಂದ ಒಂದಕ್ಕೆ ಕಾಲು ಸುತ್ತು, ಮತ್ತೊಂದಕ್ಕೆ ಕಾಲು ಸುತ್ತು. ಅತಿಯಾಗಿ ಬಿಗಿದರೆ ಸ್ಟಡ್ ಮುರಿಯುತ್ತದೆ. ಆಗ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಅದರಿಂದ ನಿಲ್ಲದಿದ್ದರೆ ಪ್ಯಾಕಿಂಗ್ ಬದಲಿಸಬೇಕು. ತುಕ್ಕು ಹಿಡಿದ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಪೈಪ್ ಕಳಚಿದ ಮೇಲೆ ಹೆಡ್ಡಿನ ರಂಧ್ರದೊಳಗೆ ಬೆಳಕು ಹಾಯಿಸಿ ನೋಡಿ. ನಲುಗಿದ ಹಳೆಯ ಪ್ಯಾಕಿಂಗ್ ಹೆಡ್ಡಿನ ಭಾಗವೇ ಎಂಬಂತೆ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸದನ್ನು ಕೂರಿಸಿದರೆ ಸೋರಿಕೆ ನಿಲ್ಲದು. ಹಳೆಯ ಗಾಡಿಗಳ ಪ್ಯಾಕಿಂಗಿನಲ್ಲಿ ಆಸ್ಬೆಸ್ಟಸ್ ಇರಬಹುದು. ಅದರ ದೂಳು ಶ್ವಾಸಕೋಶಕ್ಕೆ ಅಪಾಯ. ಒಣಗಿದ್ದಾಗ ಕೆರೆಯದೆ, ಊದದೆ, ಒದ್ದೆ ಮಾಡಿ ತೆಗೆಯಬೇಕು. ಒಮ್ಮೆ ನಲುಗಿದ ಪ್ಯಾಕಿಂಗ್ ಮತ್ತೆ ಬಳಕೆಗೆ ಬಾರದು. ಜೋಡಿಸುವಾಗ ಎಲ್ಲವನ್ನೂ ಕೈಯಲ್ಲೇ ಸಡಿಲವಾಗಿ ಕೂರಿಸಿ, ಮೊದಲು ಹೆಡ್ಡಿನ ನಟ್‌ಗಳನ್ನು, ಕೊನೆಗೆ ಹಿಂದಿನ ಬೋಲ್ಟನ್ನು ಬಿಗಿಯಬೇಕು. ಒಂದೆರಡು ಸಲ ಓಡಿಸಿ, ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು.

ಎಲ್ಲ ಗಾಡಿಗೂ ಎರಡು ನಟ್ ಇರುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ಡಿ ಗಾಡಿಗಳಲ್ಲಿ ಪೈಪನ್ನು ಹಿಡಿಯುವುದು ದೊಡ್ಡ ಬಳೆಯಂಥ ನಟ್. ಅದಕ್ಕೆ ಕೊಕ್ಕೆಯಾಕಾರದ ಪಾನಾ ಬೇಕು. ಸುತ್ತಿಗೆ, ಉಳಿಯಿಂದ ಹೊಡೆದರೆ ನಟ್ಟಿನ ಹಲ್ಲು ಮುರಿಯುತ್ತದೆ.

ಸೈಲೆನ್ಸರ್ ತೂತಾಗುವುದೇಕೆ? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಅದು ಆವಿಯಾಗಿ ಹೊರಹೋಗುತ್ತದೆ. ಓಣಿಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂದು ಬರೀ ಗಿಡ್ಡ ಓಡಾಟವಾದರೆ ಸೈಲೆನ್ಸರ್ ಸಾಕಷ್ಟು ಕಾಯುವುದಿಲ್ಲ. ಆವಿ ಒಳಗೇ ನೀರಾಗಿ ನಿಂತು ತುಕ್ಕು ಹಿಡಿಸುತ್ತದೆ. ಸಣ್ಣ ತೂತಿಗೆ ಶಾಖ ತಡೆಯುವ ಪೇಸ್ಟ್ ಹಚ್ಚಿ ತಗಡಿನ ಪಟ್ಟಿ ಬಿಗಿಯಬಹುದು, ಆದರೆ ಅದು ತಾತ್ಕಾಲಿಕ. ನಲ್ಲಿ ಪೈಪಿಗೆ ಮೆತ್ತುವ ಅಂಟು ಈ ಬಿಸಿಗೆ ಸುಟ್ಟುಹೋಗುತ್ತದೆ. ವೆಲ್ಡಿಂಗ್ ಕೆಲಸ ಅನುಭವಿಗಳದು, ಮನೆಯಲ್ಲಿ ಬೇಡ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲಿನ ಗಾಡಿಗಳಲ್ಲಿ, ಹೊರಹೋಗುವ ಅನಿಲದ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಪೈಪಿನಲ್ಲೇ ಇರುತ್ತದೆ. ಅದರ ಮುಂದಿನ ಸಂದು ಸೋರಿ ಹೊರಗಾಳಿ ಸೇರಿದರೆ, ಪೆಟ್ರೋಲ್ ಕಡಿಮೆಯಾಯಿತೆಂದು ಯಂತ್ರ ತಪ್ಪು ತಿಳಿದು ಇನ್ನಷ್ಟು ಸುರಿಯುತ್ತದೆ. ಮೈಲೇಜ್ ಇಳಿಯುತ್ತದೆ. ಇಂಥ ಗಾಡಿಯ ಸೆನ್ಸರ್ ತಂತಿಗೆ ಕೈಹಾಕದೆ ತಿಳಿದವರ ಬಳಿ ಒಯ್ಯುವುದೇ ಲೇಸು.

ಕಾಣದ ಅಪಾಯ

ಮನೆಮಂದಿಯೆಲ್ಲ ನೆನಪಿಡಬೇಕಾದ ಮಾತು ಇನ್ನೊಂದಿದೆ. ಊರುಗಳಲ್ಲಿ ರಾತ್ರಿ ಗಾಡಿಯನ್ನು ಪಡಸಾಲೆಯೊಳಗೇ ನಿಲ್ಲಿಸುವ ರೂಢಿಯುಂಟು. ಬೆಳಿಗ್ಗೆ ಅಲ್ಲೇ ಶುರು ಮಾಡಿ ಎಂಜಿನ್ ಬಿಸಿಯಾಗಲೆಂದು ಬಿಟ್ಟರೆ, ಒಳಗೆ ಮಲಗಿದ ಮಗುವಿಗೂ ಅಜ್ಜಿಗೂ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಆಸಕ್ತಿಯಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಉಸಿರಾಡುತ್ತಿದ್ದರೂ ದೇಹಕ್ಕೆ ಪ್ರಾಣವಾಯು ಸಿಗದು. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಲಕ್ಷಣಗಳು. ಅಂಥವರನ್ನು ಕೂಡಲೇ ಬಯಲಿಗೆ ತಂದು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು.

ಸೋರಿಕೆ ನಿಂತ ಮೇಲೂ ಈ ಎಚ್ಚರ ತಪ್ಪಬಾರದು. ಸರಿಯಾದ ಗಾಡಿಯ ಅನಿಲವೂ ಸೈಲೆನ್ಸರಿನ ತುದಿಯಿಂದ ಅದೇ ಪಡಸಾಲೆಗೆ ಬರುತ್ತದೆ. ಹೊಸ ಗಾಡಿಗಳ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಕಾದ ಮೇಲಷ್ಟೇ ಕೆಲಸ ಮಾಡುತ್ತದೆ. ಸೋರುವ ಗಾಡಿ ಸದ್ದು ಮಾಡಿ ನಮ್ಮನ್ನು ಎಚ್ಚರಿಸುತ್ತದೆ, ರಿಪೇರಿಯಾದ ಗಾಡಿ ಸುಮ್ಮನಿರುತ್ತದೆ. ಸೈಲೆನ್ಸರ್ ಅಡಗಿಸುವುದು ಸದ್ದನ್ನು, ವಿಷವನ್ನಲ್ಲ. ಆದ್ದರಿಂದ ಗಾಡಿಯನ್ನು ಮೊದಲು ಹೊಸ್ತಿಲು ದಾಟಿಸಿ, ಕಿಕ್ ಹೊಡೆಯುವುದು ಆಮೇಲೆ.